ಓವರ್‌ಟೇಕ್ ಇಲ್ಲದ ರೇಸನ್ನು ಯಾಕೆ ನೋಡಬೇಕು?

ಸಿಂಧನೂರಿನ ಓದುಗರೊಬ್ಬರ ಪತ್ರ ಹೀಗಿದೆ: "2018ರ ನವೆಂಬರಿನಲ್ಲಿ ಭಾವನ ಜೊತೆ ವಿಜಯವಾಡಕ್ಕೆ ಹೋಗಿ ಎಫ್1ಎಚ್2ಒ (ನೀರಿನ ಮೇಲಿನ ಫಾರ್ಮುಲಾ ಒನ್) ಪವರ್‌ಬೋಟ್ ರೇಸ್ ನೋಡಿದ್ದೆ. ಸದ್ದು ಜೋರಾಗಿತ್ತು. ಆದರೆ ಓವರ್‌ಟೇಕ್ ಅನ್ನೋದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಈಚೆಗೆ ಮೊಬೈಲಿನಲ್ಲಿ ಇನ್ನೊಂದು ರೇಸ್ ನೋಡಿದಾಗಲೂ ಅದೇ ಕತೆ. ಎಲ್ಲರದ್ದೂ ಒಂದೇ ಕಂಪನಿಯ ಎಂಜಿನ್ ಅಂತಾರೆ. ಹಾಗಾದರೆ ಚಾಂಪಿಯನ್ ಆಗೋದು ಹೇಗೆ? ಬ್ರೇಕ್ ಇಲ್ಲದ ದೋಣಿ ಓಡಿಸೋದು ಹುಚ್ಚಲ್ಲವೇ? ಮತ್ತೆ ಅದು ನಮ್ಮ ಕಡೆ ಯಾಕೆ ಬರಲಿಲ್ಲ? ಆಲಮಟ್ಟಿಯಲ್ಲಿ ಮಾಡಬಹುದಲ್ವಾ?"

ನಿಮ್ಮ ದೂರು ಸುಳ್ಳಲ್ಲ. ಆದರೆ ನೀವು ಹೋದದ್ದು ಮುಖ್ಯ ರೇಸಿನ ದಿನ, ಭಾನುವಾರ ಮಾತ್ರ ಅನಿಸುತ್ತದೆ. ಈ ಆಟದಲ್ಲಿ ಅರ್ಧಕ್ಕಿಂತ ಜಾಸ್ತಿ ಪೈಪೋಟಿ ಅದಕ್ಕೆ ಮೊದಲೇ, ಅರ್ಹತಾ ಸುತ್ತಿನಲ್ಲೇ ನಡೆದುಹೋಗಿರುತ್ತದೆ.

ಯಾಕೆ ಅಂತ ಹೇಳಬೇಕಾದರೆ ದೋಣಿಯಿಂದಲೇ ಶುರು ಮಾಡಬೇಕು. ಸುಮಾರು ಆರು ಮೀಟರ್ ಉದ್ದ, ಎರಡು ಮೀಟರ್ ಅಗಲ. ಮೈಯೆಲ್ಲ ಕಾರ್ಬನ್ ಫೈಬರ್ ಮತ್ತು ಕೆವ್ಲಾರ್. ಹಿಂದೆ ನೇತುಹಾಕಿರುವುದು ಸುಮಾರು 400 ಅಶ್ವಶಕ್ತಿಯ ಎರಡೂವರೆ ಲೀಟರ್ ಎಂಜಿನ್. ದೋಣಿಯ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕಾಲು, ನಡುವೆ ಸುರಂಗ. ವೇಗ ಏರಿದಂತೆ ಆ ಸುರಂಗಕ್ಕೆ ಗಾಳಿ ನುಗ್ಗಿ ದೋಣಿಯನ್ನು ಎತ್ತುತ್ತದೆ. ಗಂಟೆಗೆ 200 ಕಿ.ಮೀ. ದಾಟಿದಾಗ ನೀರಿಗೆ ತಾಗಿರುವುದು ಹಿಂದಿನ ತುದಿ ಮತ್ತು ಪ್ರೊಪೆಲರ್ ಅಷ್ಟೇ. ಮೂತಿ ಎಷ್ಟು ಏಳಬೇಕು ಅನ್ನುವುದನ್ನು ಚಾಲಕ ಟ್ರಿಮ್ ಗುಂಡಿ ಒತ್ತಿ ನಿರ್ಧರಿಸುತ್ತಾನೆ. ಕಡಿಮೆ ಎತ್ತಿದರೆ ನೀರು ಹಿಡಿದು ಎಳೆಯುತ್ತದೆ, ಹಿಂದೆ ಬೀಳುತ್ತಾನೆ. ಕೂದಲೆಳೆಯಷ್ಟು ಜಾಸ್ತಿ ಎತ್ತಿದರೆ ಗಾಳಿ ಒಳಹೊಕ್ಕು ದೋಣಿ ಹಿಮ್ಮುಖವಾಗಿ ಪಲ್ಟಿ. ಪ್ರತಿ ಸುತ್ತಿನಲ್ಲೂ, ಪ್ರತಿ ತಿರುವಿನ ಮುಂದೆ ಹಿಂದೆ ಈ ಲೆಕ್ಕ ನಡೆಯುತ್ತಲೇ ಇರಬೇಕು.

ಈಗ ಇಂಥ ದೋಣಿಯ ಹಿಂದೆ ಇನ್ನೊಂದನ್ನು ಇಟ್ಟು ನೋಡಿ. ಮುಂದಿನದು ಎಬ್ಬಿಸಿದ ತುಂತುರು ಹಿಂದಿನವನಿಗೆ ರಪರಪ ಹೊಡೆಯುತ್ತದೆ. ಮಳೆಗಾಲದಲ್ಲಿ ಲಾರಿಯ ಹಿಂದೆ ಬೈಕ್ ಓಡಿಸಿದವರಿಗೆ ಅದು ಗೊತ್ತು. ಕಣ್ಣಿಗೆ ಕಾಣದ್ದು ಒಂದು ಕಷ್ಟ. ಕಲಕಿದ ನೀರಿನಲ್ಲಿ ಗಾಳಿಗುಳ್ಳೆ ತುಂಬಿ ಪ್ರೊಪೆಲರ್‌ಗೆ ಹಿಡಿತ ಸಿಗದಿರುವುದು ಇನ್ನೊಂದು. ಸುರಂಗಕ್ಕೆ ಬರುವ ಗಾಳಿಯೂ ಚದುರಿರುತ್ತದೆ. ಅದಕ್ಕೇ ದಡದ ಎತ್ತರದ ಜಾಗದಲ್ಲಿ ಒಬ್ಬ ರೇಡಿಯೊ ಹಿಡಿದು ನಿಂತು, ಯಾರು ಎಲ್ಲಿದ್ದಾರೆ ಅಂತ ಚಾಲಕನ ಕಿವಿಗೆ ಹೇಳುತ್ತಿರುತ್ತಾನೆ. ನುಗ್ಗುವ ಅವಕಾಶ ಸಿಗುವುದು ಅಪರೂಪಕ್ಕೆ: ಹಿಂದುಳಿದ ದೋಣಿಗಳು ಅಡ್ಡ ಬಂದಾಗ, ಇಲ್ಲವೇ ಅಪಘಾತವಾದಾಗ ತೋರಿಸುವ ಹಳದಿ ಬಾವುಟ ಇಳಿದು ಮತ್ತೆ ಓಟ ಶುರುವಾದಾಗ.

ಹೀಗಾಗಿ ಎಲ್ಲರಿಗೂ ಮೊದಲ ತಿರುವಿಗೆ ಮೊದಲು ತಲುಪುವುದೇ ಮುಖ್ಯ. ದೋಣಿಗಳು ಜೆಟ್ಟಿಯ ಬಳಿ ಎಂಜಿನ್ ಆಫ್ ಮಾಡಿ ಸಾಲಾಗಿ ನಿಂತಿರುತ್ತವೆ. ದೀಪ ಆರಿದ ಮೇಲೇ ಎಂಜಿನ್ ಸ್ಟಾರ್ಟ್ ಮಾಡಬೇಕು. ಆ ಸಾಲಿನಲ್ಲಿ ಒಳ್ಳೆಯ ಜಾಗ ಸಿಗುವುದು ಅರ್ಹತಾ ಸುತ್ತಿನಲ್ಲಿ ವೇಗವಾಗಿ ಓಡಿದವನಿಗೆ. ಅದು ಮೂರು ಹಂತದಲ್ಲಿ ನಡೆಯುತ್ತದೆ. ಅದರ ಕೊನೆಯ ಹಂತದಲ್ಲಿ ಎದುರಿಗೆ ಯಾರೂ ಇಲ್ಲ, ನೀರು ಅಷ್ಟಾಗಿ ಕಲಕಿಲ್ಲ. ದೋಣಿಯನ್ನು ಎಷ್ಟರ ಮಟ್ಟಿಗೆ ಗಾಳಿಯಲ್ಲಿ ಹಿಡಿಯಬಲ್ಲ ಅನ್ನುವುದು ಬರಿಗಣ್ಣಿಗೆ ಕಾಣುತ್ತದೆ. ನನ್ನನ್ನು ಕೇಳಿದರೆ ಒಂದೇ ದಿನ ಹೋಗುವವರು ಅರ್ಹತಾ ಸುತ್ತಿಗೇ ಹೋಗಬೇಕು. ಭಾವನವರಿಗೂ ಹೇಳಿ.

ಇನ್ನು ಎಂಜಿನ್ ಮಾತು. ಬಹುತೇಕ ಎಲ್ಲರೂ ಮರ್ಕ್ಯುರಿ ಎಂಜಿನ್ ಬಳಸುವುದು ನಿಜ. ಆದರೂ ಪ್ರಶಸ್ತಿ ಪಟ್ಟಿ ನೋಡಿ. ಇಟಲಿಯ ಗುಯಿಡೊ ಕಪೆಲಿನಿ 10 ಸಲ ಚಾಂಪಿಯನ್. 2011ರಿಂದ ಸತತ ಮೂರು ವರ್ಷ ಅಲೆಕ್ಸ್ ಕರೆಲ್ಲಾ, ಆಮೇಲೆ ಸತತ ಮೂರು ವರ್ಷ ಫ್ರಾನ್ಸಿನ ಫಿಲಿಪ್ ಶಿಯಾಪ್. ಎಂಜಿನ್ನೇ ಗೆಲ್ಲಿಸುವುದಾದರೆ ಹೀಗೆ ಅವರೇ ಅವರೇ ಬರುತ್ತಿರಲಿಲ್ಲ. ಹೆಂಗಸರಿಗೆ ಇಲ್ಲಿ ಬೇರೆ ವಿಭಾಗವೂ ಇಲ್ಲ. ನಾರ್ವೆಯ ಮಾರಿತ್ ಸ್ಟ್ರಮಾಯ್ 2015ರಲ್ಲಿ ಶಾರ್ಜಾದಲ್ಲಿ ಎಲ್ಲ ಗಂಡಸರನ್ನೂ ಹಿಂದೆ ಹಾಕಿ ಗೆದ್ದರು.

ನೀವು ನೋಡಿದ 2018ರ ಸೀಸನ್ ಮೇ ತಿಂಗಳಲ್ಲಿ ಪೋರ್ಚುಗಲ್ಲಿನ ಪೋರ್ಟಿಮಾವೊದಲ್ಲಿ ಶುರುವಾಗಿ, ಲಂಡನ್, ಫ್ರಾನ್ಸಿನ ಎವಿಯಾನ್, ಚೀನಾ, ವಿಜಯವಾಡ, ಅಬುಧಾಬಿ ಸುತ್ತಿ ಡಿಸೆಂಬರಿನಲ್ಲಿ ಶಾರ್ಜಾದಲ್ಲಿ ಮುಗಿಯಿತು. ಏಳೇ ರೇಸು. ಗೆದ್ದವನಿಗೆ 20 ಅಂಕ, ಎರಡನೆಯವನಿಗೆ 15, ಮೂರನೆಯವನಿಗೆ 12, ಹೀಗೆ ಹತ್ತನೆಯವನವರೆಗೆ. ಒಂದು ಗೆಲುವು ಮತ್ತು ಒಂದು ಪಲ್ಟಿಗೆ ಸಿಗುವುದು 20. ಎರಡು ಸಲ ಸುಮ್ನೆ ಎರಡನೇ ಸ್ಥಾನದಲ್ಲಿ ಬಂದರೆ 30. ನಿಮಗೆ ಬೇಸರ ತರಿಸಿದ ಆ "ಸುಮ್ನೆ ಹಿಂದೆ ಓಡೋದು" ಹಲವು ಸಲ ಚಾಂಪಿಯನ್‌ಷಿಪ್ ಉಳಿಸಿಕೊಳ್ಳುವ ಲೆಕ್ಕಾಚಾರ. ಆ ವರ್ಷ ಗೆದ್ದವರು ಟೀಮ್ ಅಬುಧಾಬಿಯ ಅಮೆರಿಕನ್ ಚಾಲಕ ಶಾನ್ ಟೊರೆಂಟೆ. ಆಗ ಅವರ ತಂಡದ ಮ್ಯಾನೇಜರ್ ಯಾರಾಗಿದ್ದರು ಗೊತ್ತೇ? ಅದೇ ಕಪೆಲಿನಿ.

ಹುಚ್ಚು ಅಂದಿರಿ. ಬ್ರೇಕ್ ಇಲ್ಲ, ಗೇರೂ ಇಲ್ಲ, ನಿಜ. ಒಂದು ಕಾಲದಲ್ಲಿ ಚಾಲಕರು ಬೆಲ್ಟೂ ಕಟ್ಟಿಕೊಳ್ಳುತ್ತಿರಲಿಲ್ಲ. ಪಲ್ಟಿಯಾದರೆ ಹೊರಗೆ ಎಸೆಯಲ್ಪಡುವುದೇ ವಾಸಿ ಅಂತ ನಂಬಿದ್ದರು. 1984ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಚಾಲಕ ಟಾಮ್ ಪರ್ಸಿವಲ್ ರೇಸಿನಲ್ಲಿ ಸತ್ತರು. ಆ ವರ್ಷ ಹೋದ ಜೀವ ಅವರದೊಂದೇ ಅಲ್ಲ. ಅದೇ ಹೊತ್ತಿಗೆ ಬ್ರಿಟನ್ನಿನ ಕ್ರಿಸ್ ಹಾಜಸ್, ದೋಣಿ ಚೂರುಚೂರಾದರೂ ಚಾಲಕ ಕೂತ ಗೂಡು ಒಡೆಯದಂತೆ ಒಂದು ಗಟ್ಟಿ ಕೋಶ ಮಾಡಿದರು. ಅಲ್ಲಿಂದ ಬೆಲ್ಟು ಬಂತು, ಆಮೇಲೆ ತಲೆಯ ಹಿಂದೆ ಏರ್‌ಬ್ಯಾಗ್ ಬಂತು. ಈಗ ಚಾಲಕರನ್ನು ಸೀಟಿಗೆ ಬಿಗಿದು ನೀರಿನಲ್ಲಿ ತಲೆಕೆಳಗು ಮಾಡುತ್ತಾರೆ. ತಾವಾಗಿ ಹೊರಬಂದರೆ ಮಾತ್ರ ರೇಸಿಗೆ ಪರವಾನಗಿ. ಅಪಾಯ ಹೋಗಿಲ್ಲ, ಆದರೆ ಪಲ್ಟಿಯಾದ ಚಾಲಕ ದಡಕ್ಕೆ ಬಂದು ಕೈಬೀಸುವುದು ಈಗ ಮಾಮೂಲು.

ಆಲಮಟ್ಟಿ ಬಗ್ಗೆ ನನಗೆ ಉತ್ಸಾಹವಿಲ್ಲ. ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜ್ ಕೃಷ್ಣೆಯನ್ನು ತಡೆದು ನಿಲ್ಲಿಸಿದೆ, ಊರೂ ದಡದಲ್ಲೇ ಇದೆ. ಆಲಮಟ್ಟಿಯ ಹಿನ್ನೀರು ಅಗಲ, ಗಾಳಿ ಬೀಸಿದರೆ ಅಲೆ ಏಳುತ್ತದೆ. ಈ ದೋಣಿಗಳಿಗೆ ಅದು ಆಗಿಬರುವುದಿಲ್ಲ. ಆದರೆ ಭಾರತಕ್ಕೆ ರೇಸ್ ಬರದಿರುವುದಕ್ಕೆ ನೀರು ಕಾರಣವಲ್ಲ. 2004ರಲ್ಲಿ ಮುಂಬೈಗೆ ಬಂತು, ಹೋಯಿತು. 2018ರಲ್ಲಿ ಆಂಧ್ರ ಸರ್ಕಾರ ಹೊಸ ರಾಜಧಾನಿ ಅಮರಾವತಿಯ ಪ್ರಚಾರಕ್ಕೆ ಕರೆಸಿತು. ಅಮರಾವತಿ ಹೆಸರಿನ ದೋಣಿಯನ್ನು ಸ್ವೀಡನ್ನಿನ ಯೋನಾಸ್ ಆಂಡರ್ಸನ್ ಓಡಿಸಿದರು. ಮರುವರ್ಷ ಸರ್ಕಾರ ಬದಲಾಯಿತು, 2019ರ ವೇಳಾಪಟ್ಟಿಯಲ್ಲಿ ಭಾರತ ಇರಲಿಲ್ಲ. ಈ ಸರಣಿ ಹೋಗುವುದು ಕರೆದು ಖರ್ಚು ಹೊರುವವರ ಊರಿಗೆ. 2023ರಲ್ಲಿ ಇಂಡೊನೇಷ್ಯಾದವರು ಟೋಬಾ ಸರೋವರಕ್ಕೆ ಕರೆಸಿದರು, ಮರುವರ್ಷವೂ ಕರೆಸಿದರು. ನಮ್ಮಲ್ಲಿ ಎರಡನೇ ವರ್ಷಕ್ಕೂ ದುಡ್ಡು ತೆಗೆದಿಡುವ ಸರ್ಕಾರ ಸಿಕ್ಕರೆ ಬರುತ್ತದೆ.

— ಸಂಪಾದಕ