ಸಡಿಲವಾದ ಕಪಾಟಿಗೆ ಮೊಳೆ ಹೊಡೆಯಬೇಡಿ

ಸಿದ್ದಾಪುರದಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ನಿಮಗೆ ಎರಡೇ ತಿಂಗಳು. ಹಳಬರಿಂದ ಕೊಂಡ ಕಪಾಟಿನ ಬಾಗಿಲು ಜೋತುಬಿದ್ದಿದೆ, ಪುಸ್ತಕದ ಶೆಲ್ಫು ಕೈ ತಾಗಿದರೆ ಓಲಾಡುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿಗೆ ಯಾರನ್ನು ಕರೆಯಬೇಕು, ಊರಿನಿಂದ ಏನೇನು ತರಿಸಿಕೊಳ್ಳಲಿ, ಇಷ್ಟಕ್ಕಿಂತ ಹೊಸದನ್ನೇ ಕೊಳ್ಳುವುದು ಲೇಸೇ ಎಂದು ಕೇಳಿದ್ದೀರಿ. ಊರಿನಿಂದ ಅಪ್ಪೆಮಿಡಿ ತರಿಸಿಕೊಳ್ಳಿ. ಉಪಕರಣಗಳೆಲ್ಲ ಇಲ್ಲಿಯೇ ಸಿಗುತ್ತವೆ. ಬಡಗಿಯನ್ನು ಕರೆಸುವ ಖರ್ಚಿನಲ್ಲಿ ಅಂಥದೇ ಇನ್ನೊಂದು ಹಳೆಯ ಕಪಾಟು ಬಂದುಬಿಡುತ್ತದೆ, ಆದ್ದರಿಂದ ನಾವೇ ಕೈಹಚ್ಚಬೇಕು. ಉಳಿದದ್ದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ.

ನಾನು ಇಲ್ಲಿಗೆ ಬಂದ ವರ್ಷ ಹೊನ್ನಾವರದ ಹಿರಿಯರೊಬ್ಬರು ಊರಿಗೆ ಮರಳುವವರಿದ್ದರು. ತಮ್ಮ ಬರೆಯುವ ಮೇಜನ್ನು ಬಿಡಿಸಿ, ಅದರ ಜೋಡಣೆಯ ಪುಸ್ತಿಕೆಯನ್ನೂ ಉಳಿದ ಸ್ಕ್ರೂಗಳ ಪೊಟ್ಟಣವನ್ನೂ ಒಟ್ಟಿಗೆ ಕಟ್ಟಿ ನನ್ನ ಕೋಣೆಗೆ ತಂದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ‘ನಿನ್ನ ಕೆಲಸ ಮುಗಿದ ಮೇಲೆ ನಮ್ಮ ಕಡೆಯಿಂದ ಬರುವ ಮುಂದಿನವರಿಗೆ ಕೊಡು’ ಎಂದಷ್ಟೇ ಹೇಳಿದರು. ಪುಸ್ತಿಕೆಯೂ ಪೊಟ್ಟಣವೂ ಮೊದಲ ದೀಪಾವಳಿಯ ಮುಂಚೆ ಕೋಣೆ ಚೊಕ್ಕಟ ಮಾಡುವಾಗ ಕಸಕ್ಕೆ ಹೋದವು. ಮೇಜಿನ ಅಡಿಯಲ್ಲಿ ಕಂಪನಿ ಅಂಟಿಸಿದ್ದ ಗುರುತಿನ ಚೀಟಿಯನ್ನೂ ಅಂಟಂಟಾಗಿದೆಯೆಂದು ಕೆರೆದು ತೆಗೆದಿದ್ದೆ. ಮೂರನೆಯ ವರ್ಷ ಮನೆ ಬದಲಿಸಿ ಮೇಜನ್ನು ಮರುಜೋಡಿಸಿದಾಗ ಒಂದು ಬದಿಯ ಹಲಗೆ ಸಡಿಲವಾಗಿತ್ತು, ಸ್ಕ್ರೂ ಸುಮ್ಮನೆ ಸುತ್ತುತ್ತಿತ್ತು.

ನಮ್ಮ ಮನೆಯ ರೂಢಿ ನಿಮಗೆ ಗೊತ್ತಿರುವಂಥದೇ. ಮಳೆಗಾಲ ಮುಗಿದು ಅಂಗಳ ಒಣಗಿದ ಮೇಲೆ ಶಿರಸಿಯಿಂದ ಆಚಾರಿ ಬಂದು, ಹಲಸಿನ ಮೇಜಿನ ಕಾಲಿಗೆ ಬಿದಿರಿನ ಬೆಣೆ ಹೊಡೆದು, ಅದೂ ಸಾಲದಾದರೆ ಪಕ್ಕದಲ್ಲಿ ಇನ್ನೊಂದು ಮೊಳೆ ಇಳಿಸಿ ಹೋಗುತ್ತಿದ್ದರು. ನಾನೂ ಹಾಗೆಯೇ ಹಲಗೆಯ ಅಂಚಿಗೆ ಎರಡು ಮೊಳೆ ಹೊಡೆದೆ. ಎರಡನೆಯ ಮೊಳೆ ಅರ್ಧ ಇಳಿಯುವುದರೊಳಗೆ ಅಂಚು ಹಪ್ಪಳದಂತೆ ಪದರ ಬಿಟ್ಟು ಸೀಳಿತು, ಒಳಗಿನಿಂದ ಕಂದು ಪುಡಿ ನೆಲಕ್ಕೆ ಉದುರಿತು. ದೊಡ್ಡ ಸಾಮಾನುಗಳ ಕಸ ಒಯ್ಯುವ ಸ್ಪೆರ್‌ಮ್ಯುಲ್ ಗಾಡಿಗೆಂದು ಅದನ್ನು ಹಿಂದಿನ ಸಂಜೆಯೇ ಬೀದಿಬದಿಗಿಟ್ಟೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಹಲಗೆಗಳು ನೆನೆದ ಅವಲಕ್ಕಿಯಂತೆ ಉಬ್ಬಿದ್ದವು. ಆ ಮೇಜಿಗೆ ಬೇಕಾಗಿದ್ದದ್ದು 8 ಮಿಲಿಮೀಟರಿನ ಒಂದು ಮರದ ಗೂಟ ಮತ್ತು ಒಂದು ಚಮಚ ಅಂಟು ಮಾತ್ರ ಎಂಬುದು ನನಗೆ ತಿಳಿದದ್ದು ಆಮೇಲೆ. ಹಿರಿಯರ ಮಾತನ್ನು ನಡೆಸಲಾಗಲಿಲ್ಲವೆಂಬ ಕೊರಗು ಇಂದಿಗೂ ಇದೆ.

ಹಲಸು, ಸಾಗವಾನಿಯ ನಾರು ಮೊಳೆಯನ್ನು ಕಚ್ಚಿ ಹಿಡಿಯುತ್ತದೆ. ಆ ಮೇಜಿನಂಥ ಸಾಮಾನಿನ ಹಲಗೆಯಾದರೋ ಮರದ ಚೂರನ್ನು ರಾಳದ ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ಇದರಲ್ಲಿ ತೂತೇ ಸರ್ವಸ್ವ. ಪ್ರತಿ ಬಾರಿ ಬಿಚ್ಚಿ ಕಟ್ಟಿದಾಗಲೂ ತೂತಿನ ಒಳಗೋಡೆ ಒಂದಿಷ್ಟು ಪುಡಿಯಾಗುತ್ತದೆ. ಸ್ಕ್ರೂ ಸುತ್ತತೊಡಗಿದರೆ ಇನ್ನೂ ಬಿಗಿಯಲು ಹೋಗದೆ, ತೂತನ್ನು 8 ಮಿಲಿಮೀಟರಿಗೆ ಕೊರೆದು, ಅಂಟು ಸವರಿದ ಬೀಚ್ ಮರದ ಗೂಟ ಇಳಿಸಿ, ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟು, ಹೊರಗುಳಿದದ್ದನ್ನು ಕೊಯ್ದು, ಗೂಟದ ನಡುವೆ ಸ್ಕ್ರೂಗಿಂತ ಸಣ್ಣ ಹೊಸ ತೂತು ಮಾಡಿಕೊಳ್ಳಿ. ಅಂಟಿನ ಡಬ್ಬಿಯ ಮೇಲೆ ಡಿ3 ಎಂದಿದ್ದರೆ ಅದು ತೇವವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಹಲಗೆಯ ದಪ್ಪ ಹೆಚ್ಚಾಗಿ 16 ಅಥವಾ 18 ಮಿಲಿಮೀಟರು, ಆದ್ದರಿಂದ ಬೈರಿಗೆಯ ಮೊನೆಗೆ 10 ಮಿಲಿಮೀಟರಿನ ಗುರುತಿನಲ್ಲಿ ಟೇಪು ಸುತ್ತಿಕೊಳ್ಳಿ. ಇಲ್ಲವಾದರೆ ಅದು ಆಚೆ ಬದಿಗೆ ಹೊರಟುಬಿಡುತ್ತದೆ. ಪೀಠೋಪಕರಣ ಕಂಪನಿ ಐಕಿಯಾದ ಲ್ಯಾಕ್ ಮೇಜಿನಂಥವುಗಳ ಒಳಗೆ ಜೇನುಗೂಡಿನ ಆಕಾರದ ಕಾಗದವಷ್ಟೇ ಇರುವುದರಿಂದ ಅವಕ್ಕೆ ಈ ಉಪಾಯ ನಡೆಯುವುದಿಲ್ಲ.

ನಿಮ್ಮ ಕಪಾಟಿನ ಬಾಗಿಲಿಗೆ ಬಹುಶಃ ಬಿಡಿಭಾಗವೇ ಬೇಡ. ಬಾಗಿಲಿನೊಳಗೆ ಕುಳಿತ ದುಂಡು ಬಟ್ಟಲಿನ ಕೀಲಿನಲ್ಲಿ ಎರಡು ಸ್ಕ್ರೂಗಳಿರುತ್ತವೆ. ಬಾಗಿಲಿಗೆ ಹತ್ತಿರದ್ದು ಅದನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಗೆ ಹೊರಗೆ. ಮೇಲಿನ ಕೀಲಿನಲ್ಲಿ ಬಾಗಿಲಿಗೆ ಹತ್ತಿರದ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ನೋಡಿ, ಜೋತ ಬಾಗಿಲು ಕಣ್ಣೆದುರೇ ನೇರವಾಗುತ್ತದೆ. ಶೆಲ್ಫು ಓಲಾಡುತ್ತಿದ್ದರೆ ಮೊದಲು ಹಿಂಬದಿಯ ತೆಳು ಹಲಗೆಯನ್ನು ನೋಡಿ. ಶೆಲ್ಫು ಪಕ್ಕಕ್ಕೆ ವಾಲದಂತೆ ಹಿಡಿದಿಡುವುದು ಅದೇ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆದು, ಅಳತೆ ಸಮವಾದ ಮೇಲೆ ಅದನ್ನು ಅದರ ಸಣ್ಣ ಮೊಳೆಗಳಿಂದಲೇ ಮತ್ತೆ ಬಿಗಿಯಿರಿ. ಮೊಳೆಗೆ ಅಲ್ಲಿ ಮಾತ್ರ ಜಾಗವಿದೆ. ಆಷಾಢದಲ್ಲಿ ನಮ್ಮ ಬಾಗಿಲುಗಳು ಉಬ್ಬಿ ಸಿಕ್ಕಿಕೊಳ್ಳುವುದನ್ನು ನೋಡಿ ಬೆಳೆದವರಿಗೆ ವಿಚಿತ್ರವೆನಿಸಬಹುದು, ಇಲ್ಲಿ ಚಳಿಗಾಲದ ಹೀಟರಿನ ಒಣಗಾಳಿಗೆ ಪೈನ್ ಮರದ ಸಾಮಾನು ಕುಗ್ಗಿ ಸ್ಕ್ರೂಗಳು ಸಡಿಲವಾಗುತ್ತವೆ. ವರ್ಷಕ್ಕೆರಡು ಬಾರಿ ಕೈಯಾಡಿಸಿ, ಮೆತ್ತಗೆ ಬಿಗಿದರೆ ಸಾಕು.

ಬಿಡಿಭಾಗ ಹುಡುಕಲು ಗುರುತು ಬೇಕು. ಐಕಿಯಾದ ಪುಸ್ತಿಕೆಯಲ್ಲಿ ಪ್ರತಿ ಸ್ಕ್ರೂವಿನ ಪಕ್ಕ 6 ಅಥವಾ 8 ಅಂಕಿಗಳ ಸಂಖ್ಯೆಯಿರುತ್ತದೆ, ಅದನ್ನು ಕೊಟ್ಟರೆ ಸಣ್ಣಪುಟ್ಟ ಎಷ್ಟೋ ಭಾಗಗಳನ್ನು ಅವರು ಉಚಿತವಾಗಿ ಕಳಿಸುತ್ತಾರೆ. ಪುಸ್ತಿಕೆ ಕಳೆದಿದ್ದರೆ ಹೆಚ್ಚಿನವು ಅವರ ಜಾಲತಾಣದಲ್ಲಿವೆ, ಸಾಮಾನಿನ ಹೆಸರು ಗೊತ್ತಿದ್ದರಾಯಿತು. ತಯಾರಿಕೆ ನಿಂತ ಸಾಮಾನಿಗೂ ದಾರಿಯಿದೆ: 2014ರಲ್ಲಿ ಎಕ್ಸ್‌ಪೆಡಿಟ್ ಶೆಲ್ಫು ನಿಂತು ಕಲಾಕ್ಸ್ ಬಂದಾಗ ಹೊರಚೌಕಟ್ಟು ತೆಳುವಾಯಿತೇ ಹೊರತು ಒಳಗಿನ ಖಾನೆಯ ಅಳತೆ ಉಳಿಯಿತು, ಹಾಗಾಗಿ ಹೊಸದರ ಖಾನೆಗೆಂದು ಮಾಡಿದ ಪೆಟ್ಟಿಗೆ ಹಳೆಯದಕ್ಕೂ ಹೊಂದುತ್ತದೆ. ಬೇರೆ ಕಂಪನಿಯದಾದರೆ ಮುರಿದ ಚೂರನ್ನೇ ಕಿಸೆಯಲ್ಲಿಟ್ಟುಕೊಂಡು ಮನೆ ರಿಪೇರಿಯ ಸಾಮಾನು ಮಾರುವ ಯಾವುದಾದರೂ ಬೌಮಾರ್ಕ್ಟ್ ಅಂಗಡಿಗೆ ಹೋಗಿ. ಹಲಗೆಗಳನ್ನು ಜೋಡಿಸುವ ತಿರುಗು ಬಿಲ್ಲೆಗಳು ಹೆಚ್ಚಾಗಿ 15 ಮಿಲಿಮೀಟರಿನವೇ, ಕೀಲಿನ ಬಟ್ಟಲು 35, ಕಪಾಟಿನ ಒಳಗಿನ ಸಾಲುತೂತುಗಳ ನಡುವಿನ ಅಂತರ 32. ಇವು ಬಹುಮಟ್ಟಿಗೆ ಎಲ್ಲರಿಗೂ ಸಮಾನ.

ಹೊಸದನ್ನು ಕೊಳ್ಳಬೇಕೇ ಎಂದರೆ, ನೀರು ಕುಡಿದು ಉಬ್ಬಿದ್ದನ್ನು ಬಿಟ್ಟು ಮಿಕ್ಕದ್ದಕ್ಕೆ ಬೇಡ ಎಂಬುದೇ ನನ್ನ ಅಭಿಪ್ರಾಯ. ಆದರೆ ಎತ್ತರದ ಕಪಾಟನ್ನೂ ಡ್ರಾಯರ್‌ಗಳ ಪೆಟ್ಟಿಗೆಯನ್ನೂ ಗೋಡೆಗೆ ಕಟ್ಟದೆ ಬಿಡಬೇಡಿ. ಬಾಡಿಗೆ ಮನೆಯೆಂದು ಹಿಂಜರಿಯದೆ ಮಾಲೀಕರಿಗೆ ಒಂದು ಮಾತು ತಿಳಿಸಿ ತೂತು ಮಾಡಿ, ಬಿಡುವಾಗ ಮುಚ್ಚಿಕೊಟ್ಟರಾಯಿತು. ಮುಂದೆ ಮಗುವಿರುವ ಮನೆಯವರು ಬರಬಹುದು, ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತುತ್ತಾರೆ.

ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ, ಭಾನುವಾರ ಇಲ್ಲಿ ಡ್ರಿಲ್ ಸದ್ದು ಮಾಡುವಂತಿಲ್ಲ. ಆಯಿ ಕೊಟ್ಟು ಕಳಿಸಿದ್ದ ತುಪ್ಪದ ಡಬ್ಬಿಯಲ್ಲಿ ಗೂಟ, ಬಿಲ್ಲೆ, ಕೀಲುಗಳನ್ನೆಲ್ಲ ಕೂಡಿಟ್ಟಿದ್ದೇನೆ. ನಿಮ್ಮ ಶೆಲ್ಫಿಗೆ ಹೊಂದುವುದು ಅದರಲ್ಲಿಯೇ ಸಿಕ್ಕೀತು. ಹೊರಡುವ ಮುನ್ನ ಕಪಾಟಿನ ಹಿಂಬದಿಯ ಚೀಟಿಯ ಫೋಟೋ ತೆಗೆದುಕೊಳ್ಳಿ, ಚೀಟಿಯನ್ನು ಮಾತ್ರ ಕೀಳಬೇಡಿ.