ಪ್ಲಗಿನ್ ಕೆಲಸ ಮಾಡ್ತಿಲ್ಲ, ಎರರ್ರೂ ಬರ್ತಿಲ್ಲ!

ಪ್ರಶ್ನೆ: ನಮ್ಮ ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನು ಬೀನ್‌ಕೌಂಟ್ ಎಂಬ ಲೆಕ್ಕಪತ್ರ ಸಾಫ್ಟ್‌ವೇರ್‌ನಲ್ಲಿ ಇಡುತ್ತೇನೆ. ಜಿಎಸ್‌ಟಿಯನ್ನು ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎಂದು ಸಮಪಾಲು ಮಾಡಲು ಪೈಥಾನ್‌ನಲ್ಲಿ ಪ್ಲಗಿನ್ (ಅದಕ್ಕೆ ಜೋಡಿಸುವ ಪುಟ್ಟ ಕೋಡ್) ಬರೆದೆ. 1,000 ರೂಪಾಯಿ ಬಿಲ್ಲಿನ 180 ರೂಪಾಯಿ ತೆರಿಗೆ 90-90 ಆಗಬೇಕಿತ್ತು, ಆಗುತ್ತಿಲ್ಲ. ಖಾತೆ ಫೈಲನ್ನು ಪರೀಕ್ಷಿಸುವ ಬೀನ್-ಚೆಕ್ ಓಡಿಸಿದರೆ ಒಂದೂ ಎರರ್ ಇಲ್ಲ. ಎರರ್ ಯಾವ ಸಾಲಿನಲ್ಲಿ ಬಂತೆಂದು ತೋರಿಸುವ ಟ್ರೇಸ್‌ಬ್ಯಾಕ್ ಎಲ್ಲಿ ಹೋಯ್ತು ಸರ್?

ಉತ್ತರ: ಪ್ಲಗಿನ್ ಓಡುವಾಗ ಎಡವಿದರೆ ಬೀನ್‌ಕೌಂಟ್ ಅದನ್ನು ಹಿಡಿದು, ಟ್ರೇಸ್‌ಬ್ಯಾಕ್ ಸಮೇತ ಎರರ್ ಪಟ್ಟಿಗೆ ಸೇರಿಸುತ್ತದೆ. ಹಾಗಿದ್ದೂ ಏನೂ ಕಾಣಿಸಲಿಲ್ಲ ಎಂದರೆ, ಪ್ಲಗಿನ್ ಓಡಿಯೇ ಇಲ್ಲ. ಇಲ್ಲವೇ ಅದರ ಬಾಯಿಯನ್ನು ನೀವೇ ಮುಚ್ಚಿಸಿದ್ದೀರಿ.

ಯಾವುದು ಅಂತ ತಿಳಿಯಲು ಬೇಕಂತಲೇ ಒಂದು ತಪ್ಪು ಮಾಡಿ. ಫಂಕ್ಷನ್ನಿನ ಮೊದಲ ಸಾಲಿನಲ್ಲಿ, ಟ್ರೈ (ಎರರ್ ಹಿಡಿಯುವ ಭಾಗದ ಆರಂಭ) ಇದ್ದರೆ ಅದಕ್ಕಿಂತ ಮೇಲೆ, 1ನ್ನು ಸೊನ್ನೆಯಿಂದ ಭಾಗಿಸಿ, ಬೀನ್-ಚೆಕ್ ಮತ್ತೆ ಓಡಿಸಿ.

ಆಗಲೂ ಎರರ್ ಗಲಾಟೆ ಇಲ್ವಾ? ಖಾತೆ ಫೈಲಿನಲ್ಲಿ ಪ್ಲಗಿನ್ ಸಾಲು ಇದೆಯೇ ನೋಡಿ. ಆಮೇಲೆ ನಿಮ್ಮ ಕೋಡಿನಲ್ಲಿ ಪ್ಲಗಿನ್ಸ್ ಎಂಬ ಪಟ್ಟಿ ನೋಡಿ. ಆ ಹೆಸರಿಗೆ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರಬೇಕು. ಒಂದು ಕಮ್ಮಿಯಾದರೂ ಬೀನ್‌ಕೌಂಟ್ ನಿಮ್ಮ ಫೈಲನ್ನು ಸುಮ್ನೆ ದಾಟಿಕೊಂಡು ಹೋಗುತ್ತದೆ. ಅದೂ ಸರಿ ಇದ್ದರೆ ಕ್ಯಾಶ್ (ದುಡ್ಡಲ್ಲ, ಹಿಂದಿನ ಫಲಿತಾಂಶ ಕೂಡಿಟ್ಟ ಪ್ರತಿ) ಮೇಲೆ ಅನುಮಾನ ಪಡಿ. ಲೋಡ್ ಆಗಲು 1 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಫಲಿತಾಂಶವನ್ನು ಖಾತೆ ಫೈಲಿನ ಪಕ್ಕದಲ್ಲೇ ಪಿಕಲ್‌ಕ್ಯಾಶ್ ಎಂಬ ಅಡಗಿದ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಪಿಕಲ್ ಅಂದರೆ ಉಪ್ಪಿನಕಾಯಿ ಅಲ್ವಾ, ಹಳೆಯದನ್ನೇ ಬಡಿಸುತ್ತದೆ! ಖಾತೆ ಫೈಲ್ ಬದಲಾದರೆ ಅದಕ್ಕೆ ಗೊತ್ತಾಗುತ್ತದೆ, ಪ್ಲಗಿನ್ ಕೋಡ್ ಬದಲಾದರೆ ಗೊತ್ತಾಗುವುದಿಲ್ಲ. ಬೀನ್-ಚೆಕ್ ಅನ್ನು ನೋ-ಕ್ಯಾಶ್ ಆಯ್ಕೆ ಕೊಟ್ಟು ಓಡಿಸಿ.

ಗಲಾಟೆ ಬಂತಾ? ಹಾಗಾದರೆ ಎರರ್ ನುಂಗುತ್ತಿರುವುದು ನಿಮ್ಮದೇ ಕೋಡ್. ನನ್ನ ಅನುಮಾನ ಇದರ ಮೇಲೇ ಜಾಸ್ತಿ. ಜಿಎಸ್‌ಟಿ ಟಿಪ್ಪಣಿ ಇಲ್ಲದ ವ್ಯವಹಾರಗಳನ್ನು ಬಿಟ್ಟುಬಿಡಲು "ಎಕ್ಸೆಪ್ಟ್, ಪಾಸ್" (ಯಾವ ಎರರ್ ಬಂದರೂ ಸುಮ್ನೆ ಮುಂದೆ ಹೋಗು) ಎಂದು ಬರೆದಿರುತ್ತೀರಿ. ಬೀನ್‌ಕೌಂಟ್‌ನಲ್ಲಿ ಮೊತ್ತಗಳು ಡೆಸಿಮಲ್ ಎಂಬ ನಿಖರ ಸಂಖ್ಯಾ ಮಾದರಿಯಲ್ಲಿರುತ್ತವೆ. ಅದನ್ನು 0.5 ಎಂಬ ಮಾಮೂಲಿ ಫ್ಲೋಟ್‌ನಿಂದ (ಪೈಥಾನ್‌ನ ಸಾಮಾನ್ಯ ದಶಮಾಂಶ ಸಂಖ್ಯೆ) ಗುಣಿಸಿದರೆ, ಎರಡೂ ಬೇರೆ ಮಾದರಿ ಎಂದು ಪೈಥಾನ್ ಟೈಪ್‌ಎರರ್ ಎಸೆಯುತ್ತದೆ. ನಿಮ್ಮ ಪಾಸ್ ಅದನ್ನೂ ನುಂಗಿತು, 180 ಹಾಗೇ ಉಳಿಯಿತು. ಟಿಪ್ಪಣಿ ಇಲ್ಲದಾಗ ಬರುವ ಕೀಎರರ್ ಒಂದನ್ನೇ ಹಿಡಿಯಿರಿ, ಉಳಿದದ್ದನ್ನು ಹೊರಗೆ ಬಿಡಿ. 0.5 ಬದಲು 2ರಿಂದ ಭಾಗಿಸಿ.

ಮುಂದೆ ಇನ್ನೊಂದು ಎದುರಾಗಬಹುದು. ಟ್ರೇಸ್‌ಬ್ಯಾಕ್ ಬರುತ್ತದೆ, ಆದರೆ ಅದರಲ್ಲಿ ನಿಮ್ಮ ಫೈಲಿನ ಹೆಸರೇ ಇರುವುದಿಲ್ಲ, ಬರೀ ಬೀನ್‌ಕೌಂಟ್‌ನ ಲೋಡರ್ (ಖಾತೆ ಓದಿ ಪ್ಲಗಿನ್ ಓಡಿಸುವ ಭಾಗ) ಫೈಲು. ಪ್ಲಗಿನ್ ಎರಡು ಪಟ್ಟಿ ವಾಪಸ್ ಕೊಡಬೇಕು, ವ್ಯವಹಾರಗಳು ಮತ್ತು ಎರರ್‌ಗಳು. ನೀವು ಒಂದೇ ಕೊಟ್ಟರೆ ಅದನ್ನು ಬಿಡಿಸಿಕೊಳ್ಳುವಾಗ ಎಡವುವುದು ಲೋಡರ್. ಆಗ ನಿಮ್ಮ ರಿಟರ್ನ್ ಸಾಲನ್ನು ನೋಡಿ.