ಇಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆಯಲು ಬಿಡಬೇಡಿ

ಕಾರಿಗೆ ಹೊಸ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೋ) ಹಾಕಿಸಲಾ, ಬೆಂಗಳೂರು ಶಿವಾಜಿನಗರದ ಗುಜರಿಯಿಂದ ಹಳೆಯದು ತರಲಾ ಅಂತ ಕೇಳಿದ್ದೀರಿ. ಬಾನೆಟ್ ಒಳಗೆ ಕುಂಯ್ ಅನ್ನೋ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ, ಮುಂದಿನ ವಾರ ತಿರುಪತಿ ಪ್ರಯಾಣ. ನಾನೂ ಕೋಲಾರದವನೇ. ನನ್ನ ಹಳೆಯ ಡೀಸೆಲ್ ಕಾರಿನಲ್ಲೂ ಇದೇ ಸದ್ದು ಬರುತ್ತಿತ್ತು. ನೀವು ಹೇಳಿದ ಎರಡೂ ಬೇಡ. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ನೋಡಿ.

ನನಗಾಗಿದ್ದು ಮಾವಿನ ಸೀಸನ್‌ನಲ್ಲಿ. ಶ್ರೀನಿವಾಸಪುರದ ಕಡೆ ತೋಟಕ್ಕೆ ದಿನಾ ಓಡಾಟ. ಚಾರ್ಜಿಂಗ್ ಚೆನ್ನಾಗಿತ್ತು, ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಲೈಟ್ ಹತ್ತುತ್ತಿರಲಿಲ್ಲ. ಸದ್ದು ಮಾತ್ರ. ದಾರಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. "ಡೈನಮೋ ಚೆಕ್ ಮಾಡೋಣ ಅಣ್ಣ" ಅಂದವನು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಬಿಚ್ಚಲು ಕೈ ಹಾಕಿದ. ಇಂಜಿನ್ ನಿಂತರೆ ಡೈನಮೋ ಹೋಗಿದೆ, ಓಡಿದರೆ ಸರಿಯಿದೆ ಅನ್ನೋದು ಲೆಕ್ಕ. ನನ್ನನ್ನು ಕೇಳಿಯೇ ಮಾಡಿದ. ನಾನು ಹೂಂ ಅಂದೆ. ನನಗೆ ದುಡ್ಡು ಖರ್ಚಾಗಿದ್ದು ಆ ಒಂದು ಹೂಂನಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಈ ಪರೀಕ್ಷೆ ಮಾಡುವವರಿದ್ದಾರೆ. ಆಲ್ಟರ್ನೇಟರ್ ಬ್ಯಾಟರಿಗೆ ಕರೆಂಟ್ ತಳ್ಳುತ್ತಾ ಇರುತ್ತದೆ. ಒಳಗೆ ತಿರುಗುವ ರೋಟರ್‌ನಲ್ಲಿ ಕಾಂತಶಕ್ತಿ ತುಂಬಿರುತ್ತದೆ. ಬ್ಯಾಟರಿ ತಟ್ಟನೆ ಕಳಚಿಕೊಂಡರೆ ಆ ಶಕ್ತಿ ಅಷ್ಟೇ ಬೇಗ ಇಳಿಯುವುದಿಲ್ಲ, ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್‌ಗೂ ತಡೆಯಲು ಆಗುವುದಿಲ್ಲ. ಬೋರ್‌ವೆಲ್ ಮೋಟರ್ ಓಡುವಾಗ ಗೇಟ್‌ವಾಲ್ವ್ ಪಟ್ಟನೆ ಮುಚ್ಚಿದ ಹಾಗೆ. 14 ವೋಲ್ಟ್ ಇರಬೇಕಾದ ಕಡೆ ಒಂದು ಕ್ಷಣ 40 ದಾಟಬಹುದು. ರಕ್ಷಣೆ ಇಲ್ಲದ ಗಾಡಿಯಲ್ಲಿ 100ರ ಹತ್ತಿರಕ್ಕೂ ಹೋಗಬಹುದು. ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಇಲ್ಲದ ಹಳೆಯ ಅಂಬಾಸಿಡರ್ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ಈಗಿನ ಗಾಡಿಯಲ್ಲಿ ತಲೆಯಿಂದ ಬಾಲದವರೆಗೆ ಎಲೆಕ್ಟ್ರಾನಿಕ್ಸ್.

ನನ್ನ ಗಾಡಿಯ ಇಂಜಿನ್ ನಿಲ್ಲಲಿಲ್ಲ. "ಡೈನಮೋ ಸೂಪರ್" ಅಂದ. ಟರ್ಮಿನಲ್ ಮತ್ತೆ ಕೂರಿಸಿದ ಮೇಲೆ ನೋಡಿದರೆ ಬ್ಯಾಟರಿ ಲೈಟ್ ಹತ್ತಿದ್ದು ಆರಲೇ ಇಲ್ಲ. ಆಲ್ಟರ್ನೇಟರ್‌ನ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಪ್ಲೇಟ್, ರೆಗ್ಯುಲೇಟರ್ ಎರಡೂ ಹೋಗಿದ್ದವು, ಮ್ಯೂಸಿಕ್ ಸಿಸ್ಟಮ್ ಕೂಡ. ಇಸಿಎಂ ಉಳಿದದ್ದು ಪುಣ್ಯ. ಕುಂಯ್ ಸದ್ದು? ಅದು ಹಾಗೇ ಇತ್ತು! ಸದ್ದು ಬೇರಿಂಗ್‌ನದು, ಪರೀಕ್ಷೆ ಕರೆಂಟ್‌ನದು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಬರೀ ಬೇರಿಂಗ್ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಪೂರ್ತಿ ಆಲ್ಟರ್ನೇಟರ್ ಕೊಳ್ಳಬೇಕಾಯಿತು.

ಚಾರ್ಜಿಂಗ್ ನೋಡಬೇಕಾದರೆ ಒಂದು ಮಲ್ಟಿಮೀಟರ್ ಸಾಕು. ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಹತ್ತಿರ, ಓಡುವಾಗ 13.8ರಿಂದ 14.5 ಇರಬೇಕು. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ, ಹೆಡ್‌ಲೈಟ್ ಹಾಕಿ ನೋಡಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿದಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಡಯೋಡ್ ಮೇಲೆ ಅನುಮಾನ ಪಡಿ. ಹೆಡ್‌ಲೈಟ್, ಬ್ಲೋವರ್ ಹಾಕಿದ ತಕ್ಷಣ ಸದ್ದು ಏರಿದರೂ ಅದೇ ಅನುಮಾನ.

ಇನ್ನು ಸದ್ದಿನ ವಿಚಾರ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಚ್ ಅಂತ ಕಿರುಚಿ ಸುಮ್ಮನಾದರೆ ಸಾಮಾನ್ಯವಾಗಿ ಬೆಲ್ಟ್. ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಸದ್ದು ಬದಲಾದರೆ ಖಚಿತ. ಬಿಡದೆ ಬಂದು ಆಕ್ಸಿಲರೇಟರ್ ಜೊತೆ ಏರಿದರೆ ಯಾವುದೋ ಬೇರಿಂಗ್. ಯಾವುದು? ಇಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಆಲ್ಟರ್ನೇಟರ್ ಪುಲ್ಲಿ, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್, ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಒಂದೊಂದನ್ನೇ ಕೈಯಲ್ಲಿ ತಿರುಗಿಸಿ. ಗರಗರ ಅನ್ನುವುದೇ ಕಳ್ಳ. ಎಷ್ಟೋ ಸಲ ಅದು ಟೆನ್ಷನರ್ ಆಗಿರುತ್ತದೆ, ಬೈಗುಳ ಮಾತ್ರ ಆಲ್ಟರ್ನೇಟರ್‌ಗೆ. ಡೀಸೆಲ್ ಗಾಡಿಯಾದರೆ ಫ್ರೀವೀಲ್ ಪುಲ್ಲಿ ಇರಬಹುದು. ಅದು ಒಂದು ದಿಕ್ಕಿಗೆ ರೋಟರ್ ಹಿಡಿದು ತಿರುಗಬೇಕು, ಇನ್ನೊಂದು ದಿಕ್ಕಿಗೆ ಸುಮ್ನೆ ಜಾರಬೇಕು.

ಆಲ್ಟರ್ನೇಟರ್ ಬೇರಿಂಗೇ ಹೋಗಿದ್ದರೆ ಡೈನಮೋ ಕೆಲಸ ಗೊತ್ತಿರುವವರ ಹತ್ತಿರ ಬಿಚ್ಚಿಸಿ. ಬಿಚ್ಚುವ ಮೊದಲು, ಇಂಜಿನ್ ಆಫ್ ಮಾಡಿ, ಮೈನಸ್ ಟರ್ಮಿನಲ್ ತೆಗೆಯಲೇಬೇಕು. ಆಲ್ಟರ್ನೇಟರ್‌ನ ದಪ್ಪ ವೈರ್‌ನಲ್ಲಿ ಯಾವಾಗಲೂ ಬ್ಯಾಟರಿಯ ಕರೆಂಟ್ ಇರುತ್ತದೆ, ಸ್ಪ್ಯಾನರ್ ಅದಕ್ಕೂ ಗಾಡಿಯ ಲೋಹದ ಮೈಗೂ ಒಟ್ಟಿಗೆ ತಗುಲಿದರೆ ಬೆಂಕಿ. ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ, ಹಿಂದಿನ ಬೇರಿಂಗ್ ಎರಡನ್ನೂ ಹಾಕಿಸಿ, ನಂಬರ್ ಹಳೆಯದರ ಮೇಲೇ ಇರುತ್ತದೆ. ಒಳ್ಳೆ ಕಂಪನಿಯದೇ ಕೇಳಿ. ಆಲ್ಟರ್ನೇಟರ್ ಇಂಜಿನ್‌ಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುತ್ತದೆ, ಅಗ್ಗದ ಬೇರಿಂಗ್ ಆ ಬಿಸಿಗೆ ತಾಳುವುದಿಲ್ಲ. ಹೇಗೂ ಬಿಚ್ಚಿದ್ದೀರಿ, ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆಯಾ ನೋಡಿಸಿ. ಶಿವಾಜಿನಗರದ ಹಳೆಯದು ನನಗೆ ಇಷ್ಟವಿಲ್ಲ. ಅದರ ಬೇರಿಂಗ್ ಎಷ್ಟು ಓಡಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ, ಅಲ್ವಾ? ಒಳಗಿನ ತಂತಿ ಸುತ್ತು ಸುಟ್ಟಿದ್ದರೆ, ರೋಟರ್ ಹಾಳಾಗಿದ್ದರೆ ಮಾತ್ರ ಹೊಸದು ತೆಗೆದುಕೊಳ್ಳಿ. ಇನ್ನೊಂದು, ವಾಟರ್ ಸರ್ವಿಸ್‌ನಲ್ಲಿ ಬಾನೆಟ್ ಒಳಗೆ ಜೋರು ಪೈಪ್ ಹಿಡಿಯಲು ಬಿಡಬೇಡಿ.

ತಿರುಪತಿಗೆ ಈ ಸದ್ದು ಇಟ್ಟುಕೊಂಡು ಹೋಗಬೇಡಿ. ಬೇರಿಂಗ್ ಜಾಮ್ ಆದರೆ ಬೆಲ್ಟ್ ಹರಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಲ್ಲಿ, ಅದು ನಿಂತರೆ ಇಂಜಿನ್ ವಿಪರೀತ ಬಿಸಿಯಾಗಿಬಿಡುತ್ತದೆ. ಪಲಮನೇರು ದಾಟಿ ಮೊಗಿಲಿ ಘಾಟಿಯಲ್ಲಿ ರಾತ್ರಿ ಹೊತ್ತು ಮಕ್ಕಳನ್ನು ಕಟ್ಟಿಕೊಂಡು ನಿಲ್ಲುವುದು ಬೇಡ. ಕೆಲಸ ಅಷ್ಟರಲ್ಲಿ ಮುಗಿಯದಿದ್ದರೆ ಬಸ್ಸಿನಲ್ಲಿ ಹೋಗಿ ಬನ್ನಿ.